ಯಾವ ಖಾತೆಗೆ?

ಶಿವಮೊಗ್ಗದ ಆಟೋ ಕಾಂಪ್ಲೆಕ್ಸಿನಲ್ಲಿ
ಟ್ರೇಲರ್ ಕಟ್ಟುವ ಶೆಡ್ಡು ನಮ್ಮದು.
ನಮ್ಮದು ಅಂದರೆ ಬೆನಡಿಕ್ಟಾ ಬಾಯಿಯವರದು;
ನಾನು ಹಾಲೇಶಪ್ಪ, ಲೆಕ್ಕ ಬರೆಯುವವ.
ಹತ್ತೊಂಬತ್ತು ವರ್ಷದಿಂದ ಒಂದೇ ಕುರ್ಚಿ,
ಅದಕ್ಕೂ ಎರಡು ಸಲ ವೆಲ್ಡಿಂಗು ಆಗಿದೆ.

ಒಂದು ಮಧ್ಯಾಹ್ನ ಹೊಸನಗರದ ಬಸ್ಸಿಳಿದು
ಬಂದಳು ಆಶಾ ಕಾರ್ಯಕರ್ತೆ ಗುತ್ಯಮ್ಮ.
ಹೆಗಲ ಮೇಲೊಂದು ಬಿದಿರ ಗಳ, ಸುತ್ತಿದ ಕಂಬಳಿ.
ಕಂಡಕ್ಟರು ಅದಕ್ಕೂ ಲಗೇಜು ಟಿಕೇಟು ಹರಿದಿದ್ದನಂತೆ.
"ಇದು ನಮ್ಮೂರ ಆಂಬುಲೆನ್ಸು.
ಕಾಲುಸಂಕ ದಾಟುವ ತನಕ ಇದೇ ಜೋಲಿ,
ಆಚೆ ದಡಕ್ಕೆ ನೂರೆಂಟು ಬರ್ತದೆ.
ಹೋದ ಆಷಾಢದಲ್ಲಿ ಈ ಕಂಬಳಿಯೊಳಗೇ
ಒಂದು ಹೆರಿಗೆ ಆಯ್ತು. ಮಗು ಉಳೀತು."
ಅಷ್ಟು ಹೇಳಿ ಕುಡಿಯಲು ನೀರು ಕೇಳಿದಳು.

ಆಯುಧಪೂಜೆಯ ಕುಂಬಳಕಾಯಿ ಕಟ್ಟುವ ಕೊಂಡಿಗೆ
ಬಾಯಿ ಆ ಗಳವನ್ನು ತೂಗುಹಾಕಿಸಿದರು.
ಹುಡುಗರಿಗೆ ಹೇಳಿದ್ದು ಇಷ್ಟೇ:
"ನಾಲ್ಕು ಹೆಗಲಿನ ಕೆಲಸ ಎರಡು ಕೈಗೆ ಬರಬೇಕು.
ಹೇಗೆ ಅಂತ ನನಗೆ ಗೊತ್ತಿಲ್ಲ.
ನಿಮಗೂ ಗೊತ್ತಿಲ್ಲದಿದ್ದರೆ
ಅದಕ್ಕೆ ಸಂಬಳ ಹಿಡಿಯೋದಿಲ್ಲ."

ನಾನು ಕನ್ನಡಕ ಏರಿಸಿ ಕೇಳಿದೆ: ಯಾವ ಖಾತೆಗೆ?
"ಸದ್ಯ ಪೆನ್ಸಿಲಿನಲ್ಲಿ ಬರಕೊಂಡಿರಿ."

ಮೊದಲನೆಯದು ಎರಡು ಚಕ್ರದ್ದು,
ಸಂಕದ ಅಗಲಕ್ಕೆ ಹಿಡಿಸಲಿಲ್ಲ.
ಎರಡನೆಯದು ಹಗುರ, ಬಲು ಹಗುರ;
ಅಕ್ಕಿಮೂಟೆ ಹೇರಿದ್ದೇ ಬಿಲ್ಲಿನಂತೆ ಬಾಗಿತು.
ಮೂರನೆಯದರಲ್ಲಿ ಟರ್ನರ್ ಮುಕ್ತಿಯಾರನೇ ಮಲಗಿದ,
ತುಂಗೆಯ ಮೆಟ್ಟಿಲಿಳಿಸಿ ತಳ್ಳಿದರು ಹುಡುಗರು.
ಅವನ ಒಂದೊಂದು ಬೈಗುಳಕ್ಕೂ ನಿಲ್ಲಿಸಿ
ಬಾಯಿ ಸುಣ್ಣದ ಕಡ್ಡಿಯಲ್ಲಿ ಗುರುತು ಹಾಕಿದರು:
ಇಲ್ಲಿ ಬೆನ್ನಿಗೆ ಪಟ್ಟಿ, ಇಲ್ಲಿ ಸೊಂಟಕ್ಕೆ ಸ್ಪ್ರಿಂಗು,
ತಲೆಗೆ... ಅದು ಅವನದೇ ತಪ್ಪು.

ಆ ತಿಂಗಳು ಎರಡು ಟ್ರೇಲರು ತಡವಾದವು.
ಶಿಕಾರಿಪುರದ ಗಿರಾಕಿ ಅಡ್ವಾನ್ಸು ವಾಪಸು ಒಯ್ದ.
ನನ್ನ ಪೆನ್ಸಿಲು ಗಿಡ್ಡವಾಯಿತು.

ದಾರಿ ಹೊಳೆದದ್ದು ರಾತ್ರಿ ಕಾವಲಿನ ಕರಿಬಸಪ್ಪನಿಗೆ.
"ಗಾರೆಯವರ ಗಾಡಿಗೆ ಒಂದೇ ಚಕ್ರ ಅಲ್ಲೇನ್ರಿ?"
ನಕ್ಕೆವು. ನಾನೂ ನಕ್ಕೆ, ಸುಳ್ಳು ಯಾಕೆ.
ಬಾಯಿ ಎದ್ದು ಹೋಗಿ ಗ್ರೈಂಡರಿನ ಸ್ವಿಚ್ಚು ಆರಿಸಿದರು.
"ಕರಿಬಸಪ್ಪ, ಇನ್ನೊಂದು ಸಲ ಹೇಳು.
ಎಲ್ಲರಿಗೂ ಕೇಳಲಿ."

ಗುಜರಿಯ ಮೊಪೆಡ್ಡಿನ ಒಂದು ಚಕ್ರ,
ಒಂದು ಕೈಬ್ರೇಕು, ಮಡಚುವ ನಾಲ್ಕು ಕಾಲು.
ಸಂಕದ ಮೇಲೆ ಮರಳುಚೀಲ ಹೇರಿ ತಳ್ಳಿಸಿದಾಗ
ನಾನೂ ಹೋಗಿದ್ದೆ, ಡೀಸೆಲ್ಲಿನ ಲೆಕ್ಕಕ್ಕೆ.
ಹಲಗೆ ಕಿರುಗುಟ್ಟಿತು. ಚಕ್ರ ಸೀದಾ ಹೋಯಿತು.
ಚಪ್ಪಾಳೆಗೆ ನಮ್ಮ ಕೈ ಎದ್ದಿತ್ತು,
ಗುತ್ಯಮ್ಮ ತಲೆ ಆಡಿಸಿದಳು:
"ಹಿಡಿ ಎತ್ತರ ಆಯ್ತು.
ಹಗಲು ಹೊತ್ತು ತಳ್ಳೋರು ನಾವು ಹೆಂಗಸರು."
ಬಾಯಿ ಮರುಮಾತಾಡಲಿಲ್ಲ.
ಅಲ್ಲೇ, ಕಲ್ಲ ಮೇಲೆ ಕೂತು,
ನಾಲ್ಕು ಬೆರಳು ಇಳಿಸಿ ಗುರುತು ಹಾಕಿದರು.

ಇವತ್ತು ಹನ್ನೊಂದನೆಯ ಗಾಡಿ ಹೊರಟಿತು,
ಆಗುಂಬೆ ಕಡೆಗೆ. ಗಾಡಿಗೆ ಉಳಿಯುವುದು
ಎರಡೂಟದ ದುಡ್ಡು; ಆಡಿಟರು ಮೂಗು ಮುರಿಯುತ್ತಾರೆ.
ಪೆನ್ಸಿಲಿನ ಪುಟಗಳ ಮೇಲೆ
ಮೊನ್ನೆ ಶಾಯಿ ತಿದ್ದಿದೆ, ಯಾರೂ ಹೇಳದೆಯೇ.
ಖಾತೆಯ ಹೆಸರಿನ ಜಾಗ ಮಾತ್ರ ಖಾಲಿ ಬಿಟ್ಟಿದ್ದೇನೆ.

ಗಳ ಅಲ್ಲೇ ತೂಗುತ್ತಿದೆ.
ಹೊಸಬರು ಕೆಲಸಕ್ಕೆ ಸೇರಿದರೆ
ಮೊದಲ ದಿನ ಅದರ ಅಳತೆ ತೆಗೆಯಬೇಕು.
ಉದ್ದ, ಸುತ್ತಳತೆ, ತೂಕ.
ನಾನು ಸ್ವಲ್ಪ ಎತ್ತರದ ಆಳು,
ದಿನಕ್ಕೊಂದು ಸಲ ತಲೆಗೆ ಬಡಿಯುತ್ತದೆ.