ತೇಲಿತೇ?

ವ್ಲೋರಾದ ಹಳೇ ಸಿಮೆಂಟು ಗೋದಾಮಿನಲ್ಲಿ
ನಾವು ಹದಿನಾಲ್ಕು ಹೆಂಗಸರು ಲೈಫ್ ಜಾಕೆಟ್ ಹೊಲಿಯುತ್ತೇವೆ.
ಕಿತ್ತಳೆ ಬಣ್ಣ. ಎದೆಗೆ ಮೂರು ಪಟ್ಟಿ, ಹೆಗಲಿಗೊಂದು ಸೀಟಿ.
ಮಕ್ಕಳ ಅಳತೆಯದಕ್ಕೆ ತೊಡೆಸಂದಿಯಲ್ಲಿ ಇನ್ನೊಂದು ಪಟ್ಟಿ,
ಇಲ್ಲದಿದ್ದರೆ ಮಗು ಕೆಳಗೆ ಜಾರಿ
ಅಂಗಿ ಮಾತ್ರ ತೇಲುತ್ತದಂತೆ.
ಇದನ್ನು ಕಲಿಸಿದವನು ಬೆಸ್ನಿಕ್.
ಅವನಿಗೆ ಹೇಗೆ ಗೊತ್ತೆಂದು ಯಾರೂ ಕೇಳಲಿಲ್ಲ.

ಬೆಸ್ನಿಕ್ ಅಂದರೆ ನಮ್ಮಲ್ಲಿ ನಂಬಿಕಸ್ಥ.
ಹೆಸರಿಟ್ಟ ತಾಯಿಯದೇನು ತಪ್ಪು.
ತೊಂಬತ್ತೇಳರಲ್ಲಿ, ಚೀಟಿ ಕಂಪನಿಗಳು ಮುಳುಗಿ
ಊರೇ ಬಂದೂಕು ಹಿಡಿದಿದ್ದಾಗ,
ಅವನ ರಬ್ಬರ್ ದೋಣಿ ರಾತ್ರಿಗೆರಡು ಸಲ ಇಟಲಿಗೆ ಹೋಗಿಬರುತ್ತಿತ್ತು.
ತಲೆಗೆ ಆರುನೂರು ಡಾಲರು, ಮಗುವಿಗೆ ಅರ್ಧ,
ಮಡಿಲಲ್ಲಿದ್ದರೆ ಬಿಟ್ಟಿ.
ಬೆನ್ನಟ್ಟಿದ ಪೊಲೀಸ್ ದೋಣಿ ನಿಲ್ಲಬೇಕಾದರೆ
ಯಾರನ್ನಾದರೂ ನೀರಿಗೆ ಎಸೆಯಬೇಕು.
ಅವರು ಎತ್ತಿಕೊಳ್ಳಲು ನಿಲ್ಲುತ್ತಾರೆ, ಇವನು ದಾಟುತ್ತಾನೆ.
ಸರಳ ಲೆಕ್ಕ.
ಒಂದು ರಾತ್ರಿ ಅವರು ನಿಂತರು, ಹುಡುಕಿದರು, ಸಿಗಲಿಲ್ಲ.
ನನ್ನ ತಂಗಿ ವ್ಯೋಲ್ಸಾ. ಹತ್ತೊಂಬತ್ತು.
ಹಳದಿ ಸ್ವೆಟರ್, ನಾನೇ ಹೆಣೆದದ್ದು.
ನೆನೆದ ಉಣ್ಣೆಯ ಭಾರ
ಒಗೆಯುವವರಿಗೆ ಗೊತ್ತು.

ಆರು ವರ್ಷ ಜೈಲು. ಆಮೇಲೆ ಹೋಟೆಲು, ಆಮೇಲೆ ಎರಡು ಹೋಟೆಲು.
ಈಗ ಗಡ್ಡ ಬೆಳ್ಳಗಾಗಿದೆ, ದನಿ ಮೆತ್ತಗಾಗಿದೆ.
ಯುದ್ಧ ಬಿಟ್ಟು ಓಡಿಬಂದವರಿಗೆ, ಯಾವ ಯಾವ ದೇಶದವರಿಗೋ,
ಪುಕ್ಕಟೆ ಅಂಗಿ ಕಳಿಸುತ್ತಾನೆ.
ಟೀವಿಯವರು ಬಂದಾಗ ಒಂದನ್ನು ಎದೆಗಪ್ಪಿ
"ನಾನು ಸಮುದ್ರಕ್ಕೆ ಸಾಲಗಾರ" ಅಂದ.
ಕ್ಯಾಮೆರಾದ ಹುಡುಗಿ ಬೆಳಕು ಸಾಲದೆಂದಳು.
ಮತ್ತೊಮ್ಮೆ ಅಂದ. ಕಣ್ಣು ಮತ್ತೊಮ್ಮೆ ಒದ್ದೆಯಾಯಿತು,
ಅದೇ ಪದದ ಹತ್ತಿರ.

ಪಕ್ಕದ ಮಿಷಿನ್ನಿನ ನೆರ್ಮಿನೆ ದಾರ ಕಚ್ಚುತ್ತ ಹೇಳುತ್ತಾಳೆ:
ಕೊಂದ ಪಾಪ ತಿಂದು ಪರಿಹಾರ ಕಣೇ,
ತಿನ್ನಲಿ ಬಿಡು, ನಮಗೂ ಒಂದು ತುತ್ತು ಸಿಗುತ್ತದಲ್ಲ.
ಸಿಗುತ್ತದೆ. ತಿಂಗಳ ಮೊದಲ ಶುಕ್ರವಾರ, ಲಕೋಟೆಯಲ್ಲಿ.
ಎಣಿಸಿಯೇ ತಗೊಳ್ಳುತ್ತೇನೆ.
ಚುನಾವಣೆಗೆ ನಿಲ್ಲುತ್ತಾನಂತೆ. ಕರುಳಿನಲ್ಲಿ ಗಡ್ಡೆಯಂತೆ.
ಡಬ್ಬಗಳ ತಳದಲ್ಲಿ ಬೇರೇನೋ ಸಾಗಿಸುತ್ತಾನಂತೆ.
ಒಂದು ಮಧ್ಯಾಹ್ನ ತಳದವರೆಗೂ ಕೆದಕಿ ನೋಡಿದೆ.
ಬರೀ ಅಂಗಿಗಳು.
ನಿರಾಸೆಯಾಯಿತು.

ಈಚೆಗೊಂದು ಸಂಜೆ ಒಂದನ್ನು ಕೋಟಿನೊಳಗೆ ಬಚ್ಚಿಟ್ಟು ತಂದೆ.
ಒಳಗಿನ ಫೋಮು ಅಗ್ಗದ್ದಿರಬೇಕು, ನೀರು ಕುಡಿಯುವ ಜಾತಿಯದು;
ಇರಲಿ ದೇವರೇ ಎಂದು ಬೇಡಿಕೊಂಡೆನೇ?
ಬೇಡಿಕೊಂಡೆ.
ಹಳೇ ಸ್ವೆಟರೊಂದಕ್ಕೆ ಬೆಣಚುಕಲ್ಲು ತುಂಬಿ, ತೋಳು ಗಂಟಿಕ್ಕಿ,
ಅಂಗಿ ತೊಡಿಸಿ, ಮೂರೂ ಪಟ್ಟಿ ಬಿಗಿದು,
ಮೀನುಗಾರರ ಕಟ್ಟೆಯಿಂದ ಹಗ್ಗದಲ್ಲಿ ಇಳಿಸಿದೆ.
ಸಝಾನ್ ದ್ವೀಪದ ದೀಪ ಮಿಣುಕುತ್ತಿತ್ತು. ಚಳಿ. ಕೂತೆ.
ಹಗ್ಗ ಈಗ ಬಿಗಿಯಾದೀತು, ಈಗ ಬಿಗಿಯಾದೀತು,
ನಾಲ್ಕು ಗಂಟೆಗೂ ಸಡಿಲವಾಗಿಯೇ ಇತ್ತು.
ತೇಲುತ್ತಿತ್ತು. ಮುಖವಿರಬೇಕಾದ ಜಾಗ ಆಕಾಶದ ಕಡೆಗೆ.
ಹೊಲಿಗೆ ಒಂದೂ ಬಿಟ್ಟಿರಲಿಲ್ಲ.
ನನ್ನದೇ ಹೊಲಿಗೆ.

"ಒಂದು ಕಡಿಮೆ ಇದೆ" ಅಂದ ಬೆಳಿಗ್ಗೆ, ಲೆಕ್ಕದ ಪುಸ್ತಕ ಹಿಡಿದು.
ನಾನು ತಗೊಂಡೆ, ಅಂದೆ. ಸಮುದ್ರಕ್ಕೆ ಹಾಕಿ ನೋಡಲಿಕ್ಕೆ.
ವ್ಯೋಲ್ಸಾಳ ಅಕ್ಕ ನಾನೆಂದು ಅವನಿಗೆ ಗೊತ್ತೋ ಇಲ್ಲವೋ.
ಮುಖ ಎತ್ತಲಿಲ್ಲ.
"ತೇಲಿತೇ?" ಅಂದ.

ಕ್ಯಾಮೆರಾ ಇರಲಿಲ್ಲ. ನೆರ್ಮಿನೆಯೂ ಬಂದಿರಲಿಲ್ಲ.
ಆ ಒಂದು ಮಾತನ್ನು ಅಳೆದೂ ಸುರಿದೂ
ಇನ್ನೂ ನನಗೆ ತೂಕ ಸಿಕ್ಕಿಲ್ಲ.

ನಾನು ಹೇಳಲಿಲ್ಲ.
ಇವತ್ತಿಗೆ ಒಂಬತ್ತು ದಿನ.
ದಿನವೂ ನನ್ನ ಮಿಷಿನ್ನಿನ ಹತ್ತಿರ ಬಂದು
ಒಂದು ಗಳಿಗೆ ಹೆಚ್ಚಿಗೆ ನಿಲ್ಲುತ್ತಾನೆ.

ನಿಲ್ಲಲಿ.