ಎರಡು ಟಕ್ಕೆ ಸೋಡಾ

ಮೈಂದರ್ಗಿಯಿಂದ ಗೋಣಿಚೀಲದಲ್ಲಿ ಬಂತು ತೊಗರಿ ಕಟ್ಟಿಗೆ.
ದನ ಮೂಸಿ ಬಿಟ್ಟದ್ದು,
ಸಿಲಿಂಡರ್ ಬಂದ ಮೇಲೆ ಒಲೆಗೂ ಬೇಡವಾದದ್ದು.
ಪಾಂಢರೆ ಸರ್ ಮರಾಠಿಯಲ್ಲಿ ಚೀಟಿ ಅಂಟಿಸಿದರು:
ಮಾದರಿ ಏಳು.

ನನ್ನ ಕೆಲಸ ಕುಟ್ಟುವುದು, ಜರಡಿ ಹಿಡಿಯುವುದು,
ಕಾಸ್ಟಿಕ್ ಸೋಡಾ ತೂಗಿ ನೀರಿಗೆ ಹಾಕುವುದು.
ನೀರಿಗೆ ಸೋಡಾ. ಸೋಡಾಕ್ಕೆ ನೀರಲ್ಲ.
ಒಮ್ಮೆ ಉಲ್ಟಾ ಮಾಡಿದ ಗುರುತು ಮುಂಗೈ ಮೇಲಿದೆ.
ಕೆಳಗೆ ಉರಿಯಿಲ್ಲದೆ ಬೀಕರು ಕಾಯುತ್ತದೆ;
ಪಾಪಡಖಾರ ಕದಡುವಾಗ ಅವ್ವನ ಬೆರಳಿಗಿದ್ದ ಜಾರು
ಇಲ್ಲಿ ಕೈಗವಸಿಗೂ ಹತ್ತುತ್ತದೆ.

ಲಿಗ್ನಿನ್ ಅಂದರೇನಂತ ಕೇಳಿದ್ದೆ, ಸೇರಿದ ವರ್ಷ.
‘ಗಚ್ಚು ನೋಡ್ರಿ’ ಅಂದಿದ್ದಳು ರುಬೀನಾ,
‘ಇಟ್ಟಂಗಿ ನಡುವಿನ ಗಚ್ಚು.
ಅದನ್ನ ಬಿಡಿಸಿದ್ರ ಒಳಗಿನ ಸಕ್ಕರಿ ಕೈಗೆ ಸಿಗತೈತಿ.’

ನನಗೆ ಗೊತ್ತಿರುವ ಗೋಡೆ ಬೇರೆ.
ಹುಟ್ಟಿದ ಮನೆಯದು ಇದೇ ಕಟ್ಟಿಗೆ,
ತಟ್ಟಿ ಹೆಣೆದು ಸಗಣಿಮಣ್ಣು ಮೆತ್ತಿದ್ದು.
ಕಿಲ್ಲಾರಿ ನಡುಗಿದ ನಸುಕಿನಲ್ಲಿ
ದೇಸಾಯರ ಕಲ್ಲಿನ ಮಾಳಿಗೆ ಬಿರುಕು ಬಿಟ್ಟಿತು.
ನಮ್ಮದು ಅಲುಗಾಡಿ, ಒಂದು ಬುಟ್ಟಿ ಮಣ್ಣು ಉದುರಿಸಿ,
ನಿಂತೇ ಇತ್ತು.

ಆಟೋಕ್ಲೇವಿನಲ್ಲಿ ಅದಕ್ಕೆ ಒಂದು ತಾಸು ಸಾಕು.
ಈಚೆ ತೆಗೆದರೆ ಒದ್ದೆ ಹತ್ತಿ.
ನೀರು ಮಾತ್ರ ಕಪ್ಪು, ಮೂರು ಸಲ ಕುದಿಸಿದ ಚಹಾದ ಹಾಗೆ,
ನಿಲ್ಲಿಸಿದ್ದೆಲ್ಲ ಅದರೊಳಗೆ.
ಅದನ್ನು ತ್ಯಾಜ್ಯ ಅಂತ ಬರೆಸುತ್ತಾರೆ.

ಆಮೇಲೆ ತೊಳೆಯಬೇಕು,
ಕೆಂಪು ಕಾಗದ ಕೆಂಪಾಗಿಯೇ ಉಳಿಯುವವರೆಗೆ.
ರಜಿಸ್ಟರಿನಲ್ಲಿ ಮರಾಠಿ, ಬಾಯೊಳಗಿನ ಎಣಿಕೆ ಕನ್ನಡ:
ಹನ್ನೆರಡು, ಹದಿಮೂರು, ಹದಿನಾಲ್ಕು.
ಟ್ಯಾಂಕರ್ ಬಾರದ ಒಂದು ದಿನ ಹತ್ತಕ್ಕೇ ನಿಲ್ಲಿಸಿದ್ದೆ.
ಯೀಸ್ಟ್ ಏಳಲಿಲ್ಲ.
ಮೂರು ದಿನ ಎಲ್ಲರೂ ಯೀಸ್ಟನ್ನು ಬೈದರು, ನಾನೂ ಬೈದೆ.

ಕೋಷ್ಟಕದಲ್ಲಿ ಸಕ್ಕರೆಗೊಂದು ಕಾಲಂ ಇದೆ,
ನೀರಿಗಿಲ್ಲ.
ಅಂಚಿನಲ್ಲಿ ಪೆನ್ಸಿಲ್ಲಿನಿಂದ ನಾನೇ ಬರೆಯುತ್ತೇನೆ: ಕೊಡ ೩.
ಪುಣೆಯಿಂದ ಬಂದ ಪರೀಕ್ಷಕರು
ಇದೆಂಥ ಚಿಹ್ನೆ ಅಂತ ಕೇಳಿದರಂತೆ.

ಮಂಗಳವಾರ, ಮೂರು ಸಲ ಬಟ್ಟಿ ಇಳಿಸಿ, ಅರ್ಧ ಚಮಚೆ.
ಗಾಜಿನ ತಟ್ಟೆಗೆ ಸುರಿದು ಸರ್ ಕಡ್ಡಿ ಗೀರಿದರು.
ಅಕ್ಕಲಕೋಟೆಯ ಮಧ್ಯಾಹ್ನ ಕಿಟಕಿ ತುಂಬ;
ಉರಿ ಕಾಣಲಿಲ್ಲ.
‘ಹತ್ತಿಲ್ಲ ಬಿಡ್ರಿ’ ಅಂದಳು ರುಬೀನಾ, ಐದು ವರ್ಷದ ದನಿಯಲ್ಲಿ.
ನಾನು ಕೈಗವಸು ಕಳಚಿ
ಗೇಣು ಮೇಲೆ ಅಂಗೈ ಹಿಡಿದೆ.

‘ಹತ್ತೈತಿ’ ಅಂದೆ.