ಆರು ಒಲೆ

ಎಂಟು ಕೋರಿನ ಡಬ್ಬಿಯೊಂದು ದೀಪಾವಳಿಯಿಂದ
ನನ್ನ ಅಂಗಡಿಯ ಮೇಲಿನ ಗೂಡಲ್ಲಿ ಕೂತಿದೆ.
ದಿನಾ ಬೆಳಿಗ್ಗೆ ಊದಿನಕಡ್ಡಿ ಹಚ್ಚುವಾಗ
ಅದಕ್ಕೂ ಒಂದು ಸುತ್ತು ತೋರಿಸುತ್ತೇನೆ:
ಹೋಗಪ್ಪಾ, ಇವತ್ತಾದರೂ ಹೋಗು.

ಏಪ್ರಿಲ್ಲು. ಮಂಡಿಪೇಟೆ ಕಾದ ಹೆಂಚು.
ಮಂಡಕ್ಕಿ ಭಟ್ಟಿಯ ಖಲಂದರ್ ಸಾಬರು ಬಂದರು,
ಹುಬ್ಬಿನ ಮೇಲೆ ಬೂದಿ, ಹಿಂದೆ ಮಗಳು ತಸ್ಕೀನ್,
ಕೈಯಲ್ಲಿ ಲೆಕ್ಕದ ಪುಸ್ತಕದಿಂದ ಹರಿದ ಹಾಳೆ.
ಭಟ್ಟಿಯ ಜಮಾಖರ್ಚು ಬರೆದು ಎರಡು ವರ್ಷ
ತಿಂಗಳಿಗೆ ಎರಡೂವರೆ ಸಾವಿರದಂತೆ ಕೂಡಿಟ್ಟದ್ದು.
"ಗೇಮಿಗಾ?" ಎಂದೆ.
"ಗೇಮಿಗೇ," ಎಂದಳು, ತಲೆ ತಗ್ಗಿಸದೆ.

ಶುರು ಮಾಡಿದೆ. ಎಂಟು ಕೋರು, ಹದಿನಾರು ಥ್ರೆಡ್ಡು,
ಹತ್ತು ವರ್ಷ ಅಲ್ಲಾಡಲ್ಲ.
ಮಾತಿಗೆ ಬೆಣ್ಣೆ ಹಚ್ಚುವುದನ್ನು
ಈ ಊರಲ್ಲಿ ಯಾರಿಗೂ ಕಲಿಸಬೇಕಿಲ್ಲ.

"ಕೋರು ಅಂದ್ರೆ?" ಸಾಬರು ಕೇಳಿದರು.
"ಒಲೆ ಇದ್ದಂಗೆ. ಎಂಟು ಒಲೆ."
"ನಾನೂ ಎಂಟು ಕಟ್ಟಿಸಿದ್ದೆ. ಹುರಿಯೋರು ಐದೇ ಜನ.
ಮೂರರಲ್ಲಿ ಬೆಕ್ಕು ಮಲಗ್ತಾವೆ."

ತಸ್ಕೀನ್ ಹಾಳೆ ಬಿಡಿಸಿದಳು. ಆರು ಕೋರಿನದು,
ಕ್ಯಾಶ್ ಜಾಸ್ತಿ ಇರುವುದು, ಬೆಲೆಯೂ ಒಂದು ಕೈ ಜಾಸ್ತಿ.
"ಕ್ಯಾಶು ನಾನು ಕೊಡ್ತೀನಲ್ಲ, ಡಬ್ಬೀಲಿ ಯಾಕೆ?"
"ಅಬ್ಬಾ, ಬಾಣಲೆ ಪಕ್ಕ ಅಕ್ಕಿ ಬುಟ್ಟಿ ಇಡಲ್ವಾ,
ಸಲ ಸಲಕ್ಕೂ ಗೋಡೌನಿಗೆ ಓಡಬಾರದು ಅಂತ? ಅದು."

ಸಾಬರು ಸುಮ್ಮನಾದರು. ಬಲಗೈ ತಾನಾಗಿ
ಗಾಳಿಯಲ್ಲಿ ಒಮ್ಮೆ ಜರಡಿ ಆಡಿಸಿತು.
ಕಾದ ಉಸುಕು, ಅಕ್ಕಿ, ನಾಲ್ಕೇ ಎಣಿಕೆ.
ತಡವಾದರೆ ಕರಕು, ಮೊದಲಾದರೆ ಹಲ್ಲಿಗೆ ಕಲ್ಲು.
"ಬುಟ್ಟಿ ದೊಡ್ಡದಿರಲಿ. ಒಲೆ ಆರು ಸಾಕು."

ಇದನ್ನೂ ಉಸುಕಿನಿಂದಲೇ ಮಾಡ್ತಾರೆ ಅಂತ
ಹೇಳಬೇಕೆನಿಸಿತು, ಹೇಳಲಿಲ್ಲ.
ಹರಿಹರದ ಹೊಳೆಯ ಉಸುಕಾ ಎಂದು
ಚೌಕಾಸಿಗೆ ಇಳಿಯುತ್ತಿದ್ದರು.

ಅವಳ ಕೊನೆಯ ಪ್ರಶ್ನೆ ಬೇರೆ.
"ನಮ್ಮನೆಗೂ ಭಟ್ಟಿಗೂ ಗೋಡೆ ಒಂದೇ ಅಣ್ಣ.
ಮಧ್ಯಾಹ್ನ ನಲವತ್ತೆರಡು. ಮೇಲೆ ಹೊಟ್ಟಿನ ದೂಳು.
ಯಾವುದು ಕಮ್ಮಿ ಕಾಯುತ್ತೆ?"

ಇಲ್ಲಿ ಸುಳ್ಳು ಹೇಳಬಹುದಿತ್ತು.
ಮೇಲೆ ನೋಡಿದೆ. ಡಬ್ಬಿ ನನ್ನನ್ನೇ ನೋಡುತ್ತಿತ್ತು
ಆರು ತಿಂಗಳ ಊದಿನಕಡ್ಡಿ ಬೂದಿ ಹೊತ್ತು.
"ನಿನ್ನ ಹಾಳೇಲಿರೋದೇ," ಎಂದೆ. "ದೊಡ್ಡ ಫ್ಯಾನು ಹಾಕೋಣ.
ಆಟ ರಾತ್ರಿ ಆಡು, ಒಲೆ ಆರಿದ ಮೇಲೆ."
"ರಾತ್ರಿಯೇ ಆಡೋದು," ಎಂದರು ಸಾಬರು,
"ರಗ್ಗಿನೊಳಗೆ ಮೊಬೈಲ್ ಬೆಳಕು ನಂಗೆ ಕಾಣಲ್ವಾ?"

ಕರೆಂಟು ಹೋಯಿತು. ಪ್ರಿಂಟರು
ಅರ್ಧ ಕೊಟೇಶನ್ ಕಚ್ಚಿಕೊಂಡು ನಿಂತಿತು.
ಅವಳ ಹಾಳೆ ತಿರುವಿ ಕೈಯಲ್ಲೇ ಬರೆದುಕೊಟ್ಟೆ,
ಅಲ್ಲಿ ಮೊದಲೇ ಪೆನ್ಸಿಲಿನಲ್ಲಿದ್ದದ್ದರ ಕೆಳಗೆ:
ಉಪ್ಪು ಎರಡು ಮೂಟೆ.
ಹೊಟ್ಟು ಒಂದು ಟ್ರ್ಯಾಕ್ಟರ್.
ಎಂಟನೇ ಒಲೆ ರಿಪೇರಿ, ಬೇಡ.